ಸೀತಾಳೆ ಹುಡುಕಿಕೊಂಡು ಕಾಡಿಗೆ ಹೊರಡುವ ಮುಂಚೆ

ಮೇ ತಿಂಗಳು ಬಂತೆಂದರೆ ಸಾಕು, ಸೀತಾಳೆ, ಅಂದರೆ ಆರ್ಕಿಡ್‌ಗಳ ಬಗ್ಗೆ ಪ್ರತಿ ವರ್ಷ ಅವೇ ಪ್ರಶ್ನೆಗಳು ಬರುತ್ತವೆ. 'ನಮ್ಮ ತೋಟದ ಹಲಸಿನ ಮರದಲ್ಲಿ ತಿಳಿಗುಲಾಬಿ ಹೂವಿನ ಉದ್ದ ಗೊಂಚಲು ಜೋತು ಬಿದ್ದಿದೆ, ಏನದು?' 'ಮರದ ಸಾರ ಹೀರುತ್ತಾ? ಕಿತ್ತು ಹಾಕಲಾ?' 'ಚಾರಣಕ್ಕೆ ಹೋದಾಗ ಒಂದೇ ಒಂದು ಬುಡ ತಂದು ಮನೇಲಿ ಬೆಳೆಸಬಹುದಾ?' 'ಗಾಳಿಗೆ ಕೊಂಬೆ ಮುರಿದು ಬಿದ್ದಿದೆ, ಅದರ ಮೇಲಿದ್ದ ಗಿಡ ಏನು ಮಾಡಲಿ?' ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಚುಟುಕು ಉತ್ತರ ಹೀಗಿದೆ. ಮೊದಲನೆಯದು ಬಹುಪಾಲು ಸೀತಾಳೆದಂಡೆ, ಅಂದರೆ ರಿಂಕೋಸ್ಟೈಲಿಸ್ ರೆಟ್ಯೂಸಾ. ಎರಡನೆಯದಕ್ಕೆ ಉತ್ತರ 'ಹೀರಲ್ಲ, ಕೀಳಬೇಡಿ'. ಮೂರನೆಯದಕ್ಕೆ 'ಖಂಡಿತ ಬೇಡ'. ನಾಲ್ಕನೆಯವರು ಸೀದಾ 7ನೇ ಹಂತಕ್ಕೆ ಹೋಗಿ.

ಉಳಿದವರು ಮೊದಲಿಂದ ಓದಿ. ನಾನು ಬರೆಯುತ್ತಿರುವುದು ನಮ್ಮ ಘಟ್ಟದ ಕಾಡು, ತೋಟ, ಹುಲ್ಲುಗುಡ್ಡಗಳ ಆರ್ಕಿಡ್‌ಗಳ ಬಗ್ಗೆ ಮಾತ್ರ. ಬೆಂಗಳೂರಿನ ನರ್ಸರಿಯಲ್ಲಿ ಇದ್ದಿಲು ತುಂಬಿದ ಕುಂಡದಲ್ಲಿ ಸಿಗುವ ನೇರಳೆ ಡೆಂಡ್ರೋಬಿಯಂ ಬೇರೆಯೇ ವಿಷಯ. ಭಾರತೀಯ ಸಸ್ಯ ಸರ್ವೇಕ್ಷಣೆ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿ 1,256 ಜಾತಿಯ ಆರ್ಕಿಡ್‌ಗಳಿವೆ. ಅದರಲ್ಲಿ 388 ಜಾತಿ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಪಶ್ಚಿಮ ಘಟ್ಟದಲ್ಲೇ ಸುಮಾರು 300 ಜಾತಿ ಇವೆ.

1. ಯಾವುದು ಆರ್ಕಿಡ್, ಯಾವುದು ಅಲ್ಲ

ಮರದ ಮೇಲೆ ಬೆಳೆದದ್ದೆಲ್ಲ ಬಂದಣಿಕೆ ಅನ್ನುವ ಅಭ್ಯಾಸ ನಮ್ಮಲ್ಲಿದೆ. ಮೊದಲು ಇದನ್ನು ಬಿಡಬೇಕು. ಬಂದಣಿಕೆ ನಿಜವಾದ ಪರಾವಲಂಬಿ. ಅದರ ಬೇರು ಕೊಂಬೆಯ ಒಳಗೇ ಇಳಿದು ಮರದ ನೀರು ಕುಡಿಯುತ್ತದೆ. ಅದು ಕೂತ ಜಾಗದಲ್ಲಿ ಕೊಂಬೆ ಗಂಟುಗಟ್ಟಿ ಊದಿಕೊಂಡಿರುತ್ತದೆ. ಸೀತಾಳೆ ಹಾಗಲ್ಲ. ಅದಕ್ಕೆ ಮರ ಬೇಕಿರುವುದು ಕೂರುವುದಕ್ಕೆ ಮಾತ್ರ. ಬೇರು ತೊಗಟೆಯ ಮೇಲ್ಮೈಗೆ ಅಂಟಿಕೊಂಡಿರುತ್ತದೆ, ಒಳಗೆ ಇಳಿಯುವುದಿಲ್ಲ. ಮಳೆ, ಮಂಜು, ತೊಗಟೆಯ ಸಂದಿನಲ್ಲಿ ಸೇರಿದ ಕಸದ ಸಾರ, ಇಷ್ಟರಲ್ಲೇ ಅದರ ಜೀವನ. ಅಡಿಕೆ, ಕಾಫಿ ತೋಟದವರು ಬಂದಣಿಕೆ ಬಿಡಿಸುವಾಗ ಇವನ್ನೂ ಸೇರಿಸಿ ಕೆಡವುತ್ತಾರೆ. ಆಳುಗಳಿಗೆ ಒಂದು ಸಲ ವ್ಯತ್ಯಾಸ ತೋರಿಸಿಕೊಟ್ಟರೆ ಸಾಕು.

ಆ ಬೇರನ್ನು ಹತ್ತಿರದಿಂದ ನೋಡಿ. ಒಣಗಿದ್ದಾಗ ಸುಣ್ಣ ಬಳಿದ ಹಾಗೆ ಬೂದುಬಿಳಿ, ದಪ್ಪ ದಾರದಂತಿರುತ್ತದೆ. ಅದರ ಮೇಲೆ ನಾಲ್ಕು ಹನಿ ನೀರು ಬಿಡಿ. ಕಣ್ಣೆದುರೇ ಬಿಳಿ ಕರಗಿ ಹಸಿರು ಮೇಲೆ ಬರುತ್ತದೆ. ಹೊರಗಿನ ಸ್ಪಂಜಿನಂಥ ಪದರ ನೀರು ಹೀರಿ ಪಾರದರ್ಶಕವಾದಾಗ ಒಳಗಿನ ಹಸಿರು ಕಾಣುವುದರಿಂದ ಹೀಗಾಗುತ್ತದೆ. ಈ ಪದರಕ್ಕೆ ವೆಲಮೆನ್ ಅನ್ನುತ್ತಾರೆ. ಹೂವಿಲ್ಲದ ಕಾಲದಲ್ಲಿ ಮರದ ಮೇಲಿನ ಆರ್ಕಿಡ್ ಗುರುತಿಸಲು ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಗೊತ್ತಿಲ್ಲ.

ಹೂವಿದ್ದರೆ ಕೆಲಸ ಇನ್ನೂ ಸಲೀಸು. ಆರ್ಕಿಡ್ ಹೂವಿಗೆ ಹೊರಗೆ ಮೂರು, ಒಳಗೆ ಮೂರು ದಳ. ಒಳಗಿನ ಮೂರರಲ್ಲಿ ಒಂದು ಮಾತ್ರ ಆಕಾರ, ಬಣ್ಣ ಎರಡರಲ್ಲೂ ಬೇರೆಯಾಗಿರುತ್ತದೆ. ಅದನ್ನು ತುಟಿ ಅನ್ನುತ್ತಾರೆ. ದುಂಬಿ, ಜೇನು ಬಂದು ಇಳಿಯುವ ಜಗಲಿ ಅಂದುಕೊಳ್ಳಿ. ನಡುವೆ ದಾಸವಾಳದಲ್ಲಿ ಕಾಣುವ ಹಾಗೆ ಪುಡಿಪುಡಿ ಕೇಸರ ಇರುವುದಿಲ್ಲ. ಗಂಡು ಹೆಣ್ಣು ಭಾಗಗಳು ಸೇರಿ ಒಂದೇ ಗಿಡ್ಡ ಕಂಬ ಆಗಿರುತ್ತವೆ. ಅದರ ತುದಿಯಲ್ಲಿ ಪರಾಗ ಸಣ್ಣ ಉಂಡೆಯಾಗಿ ಕೂತಿರುತ್ತದೆ.

ಮಳೆಗಾಲದಲ್ಲಿ ಜೌಗು ಬಂಡೆಗಳ ಮೇಲೆ ಗುಲಾಬಿ ಬಣ್ಣದಲ್ಲಿ ಅರಳುವ, ಹಿಂದೆ ಉದ್ದ ಬಾಲವಿರುವ ಇಂಪೇಶಿಯನ್ಸ್ ಅಕಾಲಿಸ್ ನೋಡಿ ಬಹಳ ಜನ ಆರ್ಕಿಡ್ ಅಂತ ಫೋಟೊ ಕಳಿಸುತ್ತಾರೆ. ಅದು ಬಾಲ್ಸಮ್ ಕುಟುಂಬದ್ದು. ಚೆಂದವೇ, ಆದರೆ ಬೇರೆ.

2. ಯಾಕೆ ಮನೆಗೆ ತರಬಾರದು

ಇದು ಉಪದೇಶ ಅಂದುಕೊಂಡು ಹಾರಿಸಬೇಡಿ. ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

ಸೀತಾಳೆಯ ಒಂದು ಕಾಯಿ ಒಡೆದರೆ ಸಾವಿರ, ಲಕ್ಷದ ಲೆಕ್ಕದಲ್ಲಿ ಬೀಜ ಹಾರುತ್ತದೆ. ಬೀಜ ಅನ್ನುವುದಕ್ಕಿಂತ ಧೂಳು ಅನ್ನಬೇಕು. ಭತ್ತ, ಹೆಸರುಕಾಳಿನ ಹಾಗೆ ಮರಿಗಿಡಕ್ಕೆ ಬುತ್ತಿ ಕಟ್ಟಿ ಕಳಿಸುವ ಪದ್ಧತಿ ಇಲ್ಲಿಲ್ಲ. ಬೀಜ ಬಿದ್ದ ಜಾಗದಲ್ಲಿ ಒಂದು ಸೂಕ್ಷ್ಮ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ, ಇರಲೇಬೇಕು. ಅದು ಒಳಗೆ ಹೊಕ್ಕು ಊಟ ಒದಗಿಸಿದರೆ ಮಾತ್ರ ಮೊಳಕೆ. ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಇದನ್ನು ಕಂಡುಕೊಂಡದ್ದು 1899ರಲ್ಲಿ. ಶಿಲೀಂಧ್ರದ ಬದಲು ಸಕ್ಕರೆ ಇರುವ ಪಾಕದಲ್ಲಿ ಬೀಜ ಮೊಳೆಸಬಹುದು ಅಂತ ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು. ಇವತ್ತು ಪ್ರಯೋಗಾಲಯದ ಬಾಟಲಿಗಳಲ್ಲಿ ಲಕ್ಷಗಟ್ಟಲೆ ಆರ್ಕಿಡ್ ಬೆಳೆಯುವುದು ಆ ದಾರಿಯಲ್ಲೇ. ಮನೆಯಲ್ಲಿ ಕಾಯಿ ಒಡೆದು ಬೀಜ ಉದುರಿಸಿ ಕಾದರೆ ಏನೂ ಬರುವುದಿಲ್ಲ.

ಮೊಳೆತ ಗಿಡ ಮೊದಲ ಹೂ ಬಿಡಲು ವರ್ಷಗಳೇ ಬೇಕು. ಹೂ ಬಿಟ್ಟರೂ ಅದನ್ನು ಫಲ ಮಾಡುವ ಕೀಟ ಅಲ್ಲೇ ಸುತ್ತಮುತ್ತ ಇರಬೇಕು. ಹೀಗೆ ಗಿಡ, ಮರ, ಶಿಲೀಂಧ್ರ, ಕೀಟ ನಾಲ್ಕೂ ಸೇರಿದರೆ ಒಂದು ಸೀತಾಳೆ. ನೀವು ಬುಡ ಕಿತ್ತು ತಂದರೆ ಬಂದದ್ದು ಕಾಲು ಭಾಗ ಮಾತ್ರ. ಮನೆಯಲ್ಲಿ ಎರಡು ವರ್ಷ ಹಸಿರಾಗಿದ್ದು, ಬೇಸಿಗೆಯಲ್ಲಿ ಸೊರಗಿ, ಮೂರನೇ ವರ್ಷ ಕೊಳೆಯುವುದು ಸಾಮಾನ್ಯ ಕಥೆ.

3. ಯಾವ ತಿಂಗಳು, ಯಾವ ಜಾಗ

'ಸೀಸನ್ ಯಾವಾಗ?' ಅಂತ ಕೇಳುತ್ತಾರೆ. ಒಂದೇ ಸೀಸನ್ ಇಲ್ಲ. ವರ್ಷವಿಡೀ ಒಂದಲ್ಲ ಒಂದು ಅರಳುತ್ತಲೇ ಇರುತ್ತದೆ.

ಡಿಸೆಂಬರ್‌ನಿಂದ ಮಾರ್ಚ್: ಎಲೆ ಉದುರಿಸಿದ ಮರಗಳನ್ನು ನೋಡಿ. ಡೆಂಡ್ರೋಬಿಯಂ ಓವೇಟಮ್, ಡೆಂಡ್ರೋಬಿಯಂ ಬಾರ್ಬಾಟುಲಮ್ ಅರಳುವ ಕಾಲ ಇದು. ಇವೂ ತಮ್ಮ ಎಲೆ ಕಳಚಿಕೊಂಡಿರುತ್ತವೆ. ಒಣ ಕಡ್ಡಿಗಳ ಗೊಂಚಲು ಅಂದುಕೊಂಡು ದಾಟಿ ಹೋಗುತ್ತೀರಿ. ಹಿಂತಿರುಗಿ ನೋಡಿದರೆ ಕಡ್ಡಿಯ ತುದಿಯಲ್ಲಿ ಬಿಳಿ, ಕೆನೆ ಬಣ್ಣದ ಹೂಗಳು. ಓವೇಟಮ್‌ನ ತುಟಿಗೆ ಹಸಿರು ಛಾಯೆ ಇರುತ್ತದೆ.

ಮಾರ್ಚ್ ಕೊನೆಯಿಂದ ಜೂನ್: ದಪ್ಪ ಪಟ್ಟಿಯಂಥ ಎಲೆಯ ಸಿಂಬಿಡಿಯಂ, ಪರಿಮಳದ ಏರಿಡಿಸ್ ಕ್ರಿಸ್ಪಾ, ಆಮೇಲೆ ಸೀತಾಳೆದಂಡೆ. ಸೀತಾಳೆದಂಡೆಗೆ ಕಾಡಿಗೇ ಹೋಗಬೇಕೆಂದಿಲ್ಲ. ಮಲೆನಾಡಿನ ಹಳೇ ಮಾವು, ಹಲಸು, ರಸ್ತೆ ಬದಿಯ ಸಾಲುಮರ ನೋಡಿದರೂ ಸಿಗುತ್ತದೆ. ಇದೇ ಹೂವು ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪ. ಅಲ್ಲಿ ಕಪೌ ಫೂಲ್ ಅಂತ ಬಿಹು ಹಬ್ಬಕ್ಕೆ ಮುಡಿಯುತ್ತಾರೆ. ನಮ್ಮ 'ದಂಡೆ'ಯೂ ಮುಡಿಯುವ ದಂಡೆಯೇ ಅಲ್ವಾ!

ಜೂನ್: ಮೊದಲ ಮಳೆ ಬಿದ್ದ ಹತ್ತು ಹದಿನೈದು ದಿನ ನೆಲ ನೋಡಿಕೊಂಡು ನಡೆಯಿರಿ. ನರ್ವಿಲಿಯಾ ಮೊದಲು ಹೂ ಬಿಟ್ಟು, ಹೂ ಹೋದ ಮೇಲೆ ಒಂದೇ ಒಂದು ಎಲೆ ಎತ್ತುತ್ತದೆ. ಹಾಗಾಗಿ ಹೂ ನೋಡಿದವರಿಗೆ ಎಲೆ ಗೊತ್ತಿರುವುದಿಲ್ಲ, ಎಲೆ ನೋಡಿದವರಿಗೆ ಹೂ ಗೊತ್ತಿರುವುದಿಲ್ಲ. ಜಂಬಿಟ್ಟಿಗೆ ಹಾಸಿನ ಹುಲ್ಲಿನಲ್ಲಿ ಹ್ಯಾಬನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್ ಏಳುತ್ತದೆ. ನೆಲಕ್ಕೆ ಅಂಟಿದ ದುಂಡನೆ ಎಲೆ, ಮೇಲೊಂದು ಬಿಳಿ ಹೂ.

ಜುಲೈಯಿಂದ ಅಕ್ಟೋಬರ್: ಹುಲ್ಲುಗುಡ್ಡಗಳ ಕಾಲ. ಬಾಬಾಬುಡನ್‌ಗಿರಿ, ಕುದುರೆಮುಖ, ಬ್ರಹ್ಮಗಿರಿ ಕಡೆಯ ಎತ್ತರದ ಹುಲ್ಲಿನಲ್ಲಿ ಹ್ಯಾಬನೇರಿಯಾಗಳು, ಪೆರಿಸ್ಟೈಲಸ್‌ಗಳು, ಗುಲಾಬಿ ಬಣ್ಣದ ಸಟೀರಿಯಂ ನೆಪಾಲೆನ್ಸ್. ಈ ಸಟೀರಿಯಂ ಸಿಕ್ಕರೆ ಮಂಡಿಯೂರಿ ನೋಡಿ. ಬೇರೆ ಬಹುತೇಕ ಆರ್ಕಿಡ್‌ಗಳ ಮೊಗ್ಗು ಅರಳುವಾಗ ಹಿಂದಿನ ತೊಟ್ಟು ಅರ್ಧ ಸುತ್ತು ತಿರುಚಿಕೊಂಡು ತುಟಿಯನ್ನು ಕೆಳಗೆ ತರುತ್ತದೆ. ತೊಟ್ಟಿನ ಮೇಲೆ ಹಗ್ಗ ಹೊಸೆದಂಥ ಗೆರೆಗಳಲ್ಲಿ ಆ ತಿರುಚು ಕಾಣುತ್ತದೆ. ಸಟೀರಿಯಂನಲ್ಲಿ ತುಟಿ ಮೇಲೇ ಉಳಿದು ಮುಸುಕು ಹಾಕಿಕೊಂಡ ಹಾಗಿರುತ್ತದೆ. ಹಿಂದೆ ಒಂದಲ್ಲ, ಎರಡು ಕೊಂಬು. ಆ ಕೊಂಬಿಗೆ ಸ್ಪರ್ ಅನ್ನುತ್ತಾರೆ, ಮಕರಂದದ ನಳಿಗೆ ಅದು.

ನೆರಳಿನ ಕಾಡಲ್ಲಿ, ಕೊಳೆತ ತರಗೆಲೆಯ ನಡುವೆ, ಎಲೆಯೇ ಇಲ್ಲದ ಪೇಲವ ಹೂದಂಟು ಕಂಡರೆ ಅಣಬೆ ಅಂದುಕೊಂಡು ಮೆಟ್ಟಬೇಡಿ. ಎಪಿಪೋಜಿಯಂ ಇರಬಹುದು. ಅದಕ್ಕೆ ಹಸಿರೇ ಇಲ್ಲ, ಬದುಕಿಡೀ ಶಿಲೀಂಧ್ರದ ಊಟದ ಮೇಲೇ ನಡೆಯುತ್ತದೆ.

4. ಅನುಮತಿ ಮತ್ತು ಕಾನೂನು

'ಯಾರೂ ಕೇಳಲ್ಲ ಬಿಡಿ' ಅನ್ನುವವರ ಜೊತೆ ಹೋಗಬೇಡಿ. ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿಯಂಥ ಕಡೆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಟಿಕೆಟ್ ಸಿಗುತ್ತದೆ. ಮಳೆ ಜೋರಾದಾಗ, ಬೇಸಿಗೆಯಲ್ಲಿ ಬೆಂಕಿ ಭಯವಿದ್ದಾಗ ದಾರಿಗಳನ್ನು ಮುಚ್ಚುತ್ತಾರೆ. ಹೊರಡುವ ಮುಂಚೆ ವಿಚಾರಿಸಿ.

ಕಾನೂನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಓಡಾಡುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಸ್ಯಗಳ ಪಟ್ಟಿಯಲ್ಲಿ ನೀಲಿ ವಾಂಡಾ, ಕೆಂಪು ವಾಂಡಾ, ಪಾಫಿಯೋಪೆಡಿಲಂ ಅನ್ನುವ ಆರ್ಕಿಡ್ ಜಾತಿಗಳು ಇವೆ. 'ನಮ್ಮ ಸೀತಾಳೆ ಅದರಲ್ಲಿಲ್ಲ, ತರಬಹುದು' ಅನ್ನುವುದು ವಾದ. ಇದು ತಪ್ಪು. ರಾಷ್ಟ್ರೀಯ ಉದ್ಯಾನ, ವನ್ಯಜೀವಿ ಧಾಮಗಳಿಂದ ಯಾವ ಗಿಡವನ್ನೂ ಕಿತ್ತು ತರುವಂತಿಲ್ಲ, ಪಟ್ಟಿಯಲ್ಲಿರಲಿ ಬಿಡಲಿ. ಉಳಿದ ಸರಕಾರಿ ಕಾಡಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ.

ಇನ್ನೊಂದು ಪ್ರಶ್ನೆ ವಿದೇಶದಲ್ಲಿರುವ ನಮ್ಮವರಿಂದ: 'ಊರಿಂದ ವಾಪಸ್ ಹೋಗುವಾಗ ಒಂದು ಸಣ್ಣ ಗಿಡ ಬ್ಯಾಗಲ್ಲಿಟ್ಟುಕೊಂಡು ಹೋಗಲಾ?' ಬೇಡ. ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಸೈಟ್ಸ್ ಅನ್ನುವ ಒಪ್ಪಂದವಿದೆ. ಆರ್ಕಿಡ್ ಕುಟುಂಬ ಇಡಿಯಾಗಿ ಅದರ ಪಟ್ಟಿಯಲ್ಲಿದೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಊರಿನ ನೆನಪು ದುಬಾರಿಯಾಗುತ್ತದೆ.

ಕಿತ್ತು ತರುವ ಚಟ ಎಲ್ಲಿಗೆ ಮುಟ್ಟಿಸುತ್ತದೆ ಅನ್ನುವುದಕ್ಕೆ ಪಕ್ಕದ ಕೇರಳವನ್ನೇ ನೋಡಿ. ದಕ್ಷಿಣ ಭಾರತದ ಒಂದೇ ಒಂದು ಚಪ್ಪಲಿ ಆರ್ಕಿಡ್ ಪಾಫಿಯೋಪೆಡಿಲಂ ಡ್ರುರಿಯೈ. ಅಗಸ್ತ್ಯಮಲೆ ಬಿಟ್ಟು ಬೇರೆಲ್ಲೂ ಅದಿಲ್ಲ. ಚೆಂದದ ಹೂವು ಅಂತ ಸಂಗ್ರಹಕಾರರು ಹೊತ್ತು ಹೊತ್ತು ಈಗ ಅದು ಅಳಿವಿನ ಅಂಚಿಗೆ ಬಂದು ನಿಂತಿದೆ.

5. ಚೀಲದಲ್ಲಿ ಏನಿರಬೇಕು

ದುರ್ಬೀನು (8x42 ಸಾಕು), ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ, ಟಿಪ್ಪಣಿ ಪುಸ್ತಕ, ಪೆನ್ಸಿಲ್. ಮಳೆಯಲ್ಲಿ ಪೆನ್ನು ಕೈಕೊಡುತ್ತದೆ. ಕತ್ತಿ, ಚೂರಿ, ಪ್ಲಾಸ್ಟಿಕ್ ಕೊಟ್ಟೆ ಬೇಡ. ಖಾಲಿ ಕೊಟ್ಟೆ ಇದ್ದರೆ ತುಂಬಿಸಬೇಕು ಅನ್ನಿಸುತ್ತದೆ, ನನಗೂ ಅನ್ನಿಸಿದ್ದಿದೆ.

ಮಳೆಗಾಲಕ್ಕೆ ಉಂಬಳದ, ಅಂದರೆ ಜಿಗಣೆ ಹತ್ತದಂಥ, ಸಾಕ್ಸ್. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು, ಯಾವುದು ಹಾಕಿದರೂ ಒಂದೆರಡು ಹತ್ತಿಯೇ ಹತ್ತುತ್ತವೆ. ಗಾಬರಿ ಬೇಡ. ಆದರೆ ಆ ಉಪ್ಪು, ಹೊಗೆಸೊಪ್ಪನ್ನು ನೆಲಕ್ಕೆ, ಮರಕ್ಕೆ ಎರಚಬೇಡಿ.

ಉಂಬಳಕ್ಕಿಂತ ಎಚ್ಚರ ಬೇಕಿರುವುದು ಉಣುಗಿನ ಬಗ್ಗೆ. ಡೆಂಡ್ರೋಬಿಯಂ, ಸೀತಾಳೆದಂಡೆ ನೋಡುವ ಡಿಸೆಂಬರ್‌ನಿಂದ ಮೇ ತನಕದ ಕಾಲವೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗು ಕಚ್ಚುವುದರಿಂದ ಹರಡುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವವರು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮೈಗೆ ಹಚ್ಚುವ ಡೇಪಾ ಎಣ್ಣೆ ಅಲ್ಲಿ ಕೊಡುತ್ತಾರೆ. ಮೈತುಂಬ ಬಟ್ಟೆ, ತರಗೆಲೆ ಮೇಲೆ ಕೂರದಿರುವುದು, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದೆ ಅಂತ ಹೇಳಲೇಬೇಕು.

6. ನೋಡುವುದು, ಫೋಟೊ, ಗುರುತು

ಹೊಸಬರು ಮಾಡುವ ತಪ್ಪು ಅಂದರೆ ಬೇಗ ಬೇಗ ನಡೆಯುವುದು. ಒಂದು ಹಳೇ ಮರ ಹಿಡಿದು ಅದರ ಸುತ್ತ ಅರ್ಧ ಗಂಟೆ ಕಳೆಯಿರಿ. ಬುಡ, ಕಾಂಡ, ಮೊದಲ ಕವಲು, ತುದಿಯ ಸಣ್ಣ ಕೊಂಬೆ, ನಾಲ್ಕೂ ಬೇರೆ ಬೇರೆ ಬಾಡಿಗೆಯ ಮನೆಗಳು. ದೊಡ್ಡ ಕವಲಿನ ಸಂದಿಯಲ್ಲಿ ಸಿಂಬಿಡಿಯಂ, ಬಿಸಿಲು ಬೀಳುವ ಮೇಲಿನ ಕೊಂಬೆಯಲ್ಲಿ ಡೆಂಡ್ರೋಬಿಯಂ, ಪಾಚಿ ಹಿಡಿದ ಕಡೆ ಅಂಗಿಯ ಗುಂಡಿಯಷ್ಟು ಸಣ್ಣ ಪಾರ್ಪಾಕ್ಸ್. ಈ ಪಾರ್ಪಾಕ್ಸ್ ಬಹಳ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಗಾಳಿಮಳೆಯ ಮರುದಿನ ನೆಲಕ್ಕೆ ಬಿದ್ದ ಕಡ್ಡಿಗಳನ್ನು ನೋಡುತ್ತಾ ಹೋಗುವುದೂ ಒಳ್ಳೆಯ ಉಪಾಯ. ಮೇಲೇನಿದೆ ಅನ್ನುವುದು ಕೆಳಗೆ ಗೊತ್ತಾಗುತ್ತದೆ.

ನೋಡದೆ ಕೊಂಬೆಗೆ ಕೈ ಹಾಕಬೇಡಿ. ಮಳೆಗಾಲದಲ್ಲಿ ತಗ್ಗಿನ ಕೊಂಬೆಗಳಲ್ಲಿ ಮಲಬಾರ್ ಗುಳಿಮಂಡಲ ಸುತ್ತಿ ಕೂತಿರುತ್ತದೆ, ಪಾಚಿಯದೇ ಬಣ್ಣದಲ್ಲಿ. ಮರ ಹತ್ತುವವರಿಗೆ ಚಗಳಿ ಇರುವೆ ಬೇರೆ.

ಫೋಟೊ ತೆಗೆಯುವಾಗ ಒಂದೇ ಹೂವಿನ ಹತ್ತು ಚಿತ್ರ ಬೇಡ. ಗುರುತಿಸುವವರಿಗೆ ಬೇಕಿರುವುದು ಇಷ್ಟು:

- ಇಡೀ ಗಿಡ, ಅದು ಕೂತ ತೊಗಟೆ ಅಥವಾ ನೆಲದ ಸಮೇತ.
- ಎಲೆ ಮತ್ತು ಕಾಂಡ. ಕಾಂಡ ಗಡ್ಡೆಯ ಹಾಗೆ ಊದಿದೆಯೋ ಇಲ್ಲವೋ ಕಾಣಬೇಕು. ನೀರು ಕೂಡಿಡುವ ಈ ಊದಿದ ಕಾಂಡಕ್ಕೆ ಸೂಡೋಬಲ್ಬ್ ಅನ್ನುತ್ತಾರೆ.
- ಹೂವು ಎದುರಿನಿಂದ, ತುಟಿ ಸ್ಪಷ್ಟವಾಗಿ.
- ಹೂವು ಪಕ್ಕದಿಂದ. ಕೊಂಬಿನ ಉದ್ದ, ಬಾಗು ಇಲ್ಲೇ ಗೊತ್ತಾಗುವುದು. ಹ್ಯಾಬನೇರಿಯಾದಲ್ಲಿ ಈ ಒಂದು ಚಿತ್ರ ಇಲ್ಲದಿದ್ದರೆ ಉಳಿದೆಲ್ಲ ದಂಡ.
- ಅಳತೆಗೆ ಪಕ್ಕದಲ್ಲಿ ಬೆರಳು ಅಥವಾ ನಾಣ್ಯ.

ಹೂ ಕಿತ್ತು ಅಂಗೈ ಮೇಲಿಟ್ಟು ತೆಗೆಯುವುದು ಬೇಡ. ಚಿತ್ರ ಚೆಂದ ಬರಲಿ ಅಂತ ಸುತ್ತಲ ಹುಲ್ಲು, ಪಾಚಿ ಸವರುವುದು ಬೇಡ. ನೆಲದ ಆರ್ಕಿಡ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ನೀವು ಫೋಟೊಗೆ ಮಲಗುವ ಜಾಗದಲ್ಲಿ ಇನ್ನೂ ಹೂ ಬಿಡದ ಐದಾರು ಮರಿಗಳು ಇರುತ್ತವೆ. ಮೊದಲು ನಿಂತು ಸುತ್ತ ನೋಡಿ, ಆಮೇಲೆ ಮೊಣಕಾಲು ಊರಿ. ಮುಳ್ಳಯ್ಯನಗಿರಿ ಕಡೆ ವಾರಾಂತ್ಯದ ಜನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಜಾಗದ ಗುಟ್ಟು. ಇದರಲ್ಲಿ ಒಳ್ಳೆಯ ಮನಸ್ಸಿನವರೇ ಎಡವುತ್ತಾರೆ. ಅಪರೂಪದ ಹೂ ಸಿಕ್ಕ ಖುಷಿಯಲ್ಲಿ ಊರು, ಗುಡ್ಡ, ತಿರುವು ಸಮೇತ ಹಾಕಿಬಿಡುತ್ತಾರೆ. ಗಿಡ ಮಾರುವವರೂ ಅದನ್ನು ಓದುತ್ತಾರೆ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಇಲ್ಲದಿದ್ದರೆ ಫೋಟೊದ ಒಳಗೇ ಅಕ್ಷಾಂಶ ರೇಖಾಂಶ ಕೂತಿರುತ್ತದೆ. ಬರೆಯುವಾಗ ಜಿಲ್ಲೆ, ತಿಂಗಳು ಸಾಕು. ಗಿಡ, ಪ್ರಾಣಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕುವವರು ಜಾಗದ ಆಯ್ಕೆಯಲ್ಲಿ 'ಅಬ್ಸ್ಕ್ಯೂರ್ಡ್' ಒತ್ತಿ. ಆಗ ನಿಜವಾದ ಬಿಂದುವಿನ ಬದಲು ಸುಮಾರು 20 ಕಿಲೋಮೀಟರ್ ಅಗಲದ ಚೌಕದಲ್ಲಿ ಎಲ್ಲೋ ಒಂದು ಕಡೆ ತೋರಿಸುತ್ತದೆ. ದಾಖಲೆಯೂ ಆಯಿತು, ಗಿಡವೂ ಉಳಿಯಿತು.

7. ಕೊಂಬೆ ಬಿದ್ದಿದೆ, ಗಿಡ ಜೀವಂತವಿದೆ. ಈಗೇನು?

ಮೊದಲು ಜಾಗ ಯಾರದ್ದು ನೋಡಿ. ಅರಣ್ಯದ್ದಾದರೆ ಗಾರ್ಡಿಗೆ ತಿಳಿಸಿ, ನೀವೇ ಮನೆಗೆ ಸಾಗಿಸಬೇಡಿ. ನಿಮ್ಮ ತೋಟ, ನಿಮ್ಮ ಹಿತ್ತಲಾದರೆ ಹೀಗೆ ಮಾಡಿ.

ಬೇರನ್ನು ತೊಗಟೆಯಿಂದ ಬಿಡಿಸಲೇಬೇಡಿ. ಎಳೆದರೆ ಬೇರಿನ ಹೊರಪದರ ಕಳಚಿ ಬರುತ್ತದೆ, ಆ ಬೇರು ಮುಗಿಯಿತು. ಬದಲಿಗೆ ಗಿಡ ಕೂತ ಕೊಂಬೆಯ ತುಂಡನ್ನೇ ಗರಗಸದಲ್ಲಿ ಕೊಯ್ದು, ತುಂಡಿನ ಸಮೇತ ಇನ್ನೊಂದು ಮರಕ್ಕೆ ಕಟ್ಟಿ. ಕೊಂಬೆ ತೀರಾ ದಪ್ಪವಿದ್ದರೆ ತೊಗಟೆಯ ಚಕ್ಕೆ ಸಮೇತ ಎಬ್ಬಿಸಿ.

ಮರ ಆರಿಸುವಾಗ ಬಿದ್ದ ಮರದ ಜಾತಿಯದ್ದೇ ಹತ್ತಿರದಲ್ಲಿದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಒರಟು ತೊಗಟೆಯ ಮಾವು, ಹಲಸು, ಮತ್ತಿ. ನೀಲಗಿರಿ ಬೇಡ, ಅದು ವರ್ಷವರ್ಷ ತೊಗಟೆ ಸುಲಿದುಕೊಳ್ಳುತ್ತದೆ. ಮುಂದಿನ ತಿಂಗಳು ಮರಗಸಿಗೆ, ಅಂದರೆ ನೆರಳು ಕಡಿಮೆ ಮಾಡಲು ಕೊಂಬೆ ಸವರುವ ಕೆಲಸಕ್ಕೆ, ಸಿಗುವ ಕೊಂಬೆಯೂ ಬೇಡ. ಮೊದಲಿದ್ದಷ್ಟೇ ಬೆಳಕು ಬೀಳುವ, ದನಕ್ಕೂ ಕೈಗೂ ಎಟುಕದ ಎತ್ತರ ಇರಲಿ.

ಸೀತಾಳೆದಂಡೆ, ಏರಿಡಿಸ್‌ನಂಥವಕ್ಕೆ ಎಲೆಗಳ ನಡುವೆ ಒಂದು ಸುಳಿ ಇರುತ್ತದೆ. ಸುಳಿ ಆಕಾಶ ನೋಡುವ ಹಾಗೆ ಕಟ್ಟಿದರೆ ಮಳೆನೀರು ನಿಂತು ಕೊಳೆಯುತ್ತದೆ. ಸ್ವಲ್ಪ ಓರೆಯಾಗಿ, ನೀರು ಜಾರುವ ಹಾಗೆ ಕಟ್ಟಿ. ಕಟ್ಟಲು ಹಳೇ ಹತ್ತಿ ಸೀರೆಯ ಪಟ್ಟಿ, ಸೆಣಬಿನ ದಾರ, ಬಾಳೆನಾರು ಆಗುತ್ತದೆ. ಬೇರು ಹಿಡಿಯುವ ಹೊತ್ತಿಗೆ ಅವು ತಾವೇ ಲಡ್ಡಾಗಿ ಉದುರುತ್ತವೆ. ತಂತಿ, ಮೊಳೆ, ಪ್ಲಾಸ್ಟಿಕ್ ಹಗ್ಗ ಬೇಡ.

ಮಣ್ಣು, ಸಗಣಿ, ಗೊಬ್ಬರ ಏನೂ ಬೇಡ. ಇಲ್ಲಿ ನನ್ನದೇ ಪೆದ್ದುತನ ಹೇಳಬೇಕು. ಮೊದಲ ಸಲ ಬಿದ್ದ ಸೀತಾಳೆ ಸಿಕ್ಕಾಗ ಪ್ರೀತಿ ಜಾಸ್ತಿಯಾಗಿ ಬೇರಿನ ಸುತ್ತ ತೆಂಗಿನ ನಾರು ತುರುಕಿ, ಮೇಲೆ ಸಗಣಿ ಮೆತ್ತಿ, ನೈಲಾನ್ ಹಗ್ಗದಲ್ಲಿ ಬಿಗಿದು ಕಟ್ಟಿದ್ದೆ. ಆಷಾಢದ ಮಳೆಗೆ ಮೂರು ವಾರದಲ್ಲಿ ಕಪ್ಪಾಗಿ ಕೊಳೆತು ನಾರಿತು. ಈ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ತುಂಬಾ ಆರೈಕೆ ಮಾಡುವವರ ಕೈಯಲ್ಲೇ ಇವು ಜಾಸ್ತಿ ಸಾಯುತ್ತವೆ.

ಕಟ್ಟಲು ಒಳ್ಳೆಯ ಕಾಲ ಜೂನ್ ಮೊದಲ ವಾರಗಳು. ಏಪ್ರಿಲ್ ಗಾಳಿಗೆ ಬಿದ್ದಿದ್ದರೆ ಆಗಲೇ ಕಟ್ಟಿ, ಮಳೆ ಹಿಡಿಯುವ ತನಕ ಎರಡು ದಿನಕ್ಕೊಮ್ಮೆ ಬೆಳಿಗ್ಗೆ ನೀರು ಚಿಮುಕಿಸಿ. ಆಮೇಲೆ ಸುಮ್ನೆ ಬಿಡಿ. ಹಿಡಿದಿದೆಯಾ ಅಂತ ಅಲ್ಲಾಡಿಸಿ ನೋಡಬೇಡಿ. ಹಸಿರು ತುದಿಯ ಹೊಸ ಬೇರು ಹೊಸ ಮರದ ತೊಗಟೆಗೆ ದಾಟಿದರೆ ಗೆದ್ದಿರಿ. ಅದಕ್ಕೆ ಒಂದು ಮಳೆಗಾಲ ಬೇಕು, ಕೆಲವೊಮ್ಮೆ ಎರಡು.

8. ತೋಟ, ಬೆಟ್ಟ, ಬ್ಯಾಣ ಇರುವವರಿಗೆ

ಸೀತಾಳೆಯ ದೊಡ್ಡ ಪಾಲು ಅಭಯಾರಣ್ಯದ ಆಚೆ, ನಿಮ್ಮ ಕಾಫಿ ತೋಟದ ನೆರಳು ಮರದಲ್ಲಿ, ಸೊಪ್ಪಿನ ಬೆಟ್ಟದಲ್ಲಿ, ದೇವರಕಾಡಿನಲ್ಲಿದೆ. ಮರಗಸಿ ಮಾಡಿಸುವಾಗ ಕೆಲಸದವರಿಗೆ ಬೆಳಿಗ್ಗೆಯೇ ತೋರಿಸಿ: ಈ ಮರ, ಆ ಕೊಂಬೆ ಬಿಡಿ. ಕಡಿಯಲೇಬೇಕಾದ ಕೊಂಬೆಯಾದರೆ ಮೊದಲು ಇಳಿಸಿ, 7ನೇ ಹಂತ. ನೆರಳಿಗೆಂದು ಇರುವ ಹಳೇ ಕಾಡುಮರ ತೆಗೆದು ಪೂರ್ತಿ ಸಿಲ್ವರ್ ಓಕ್ ಮಾಡುವ ಯೋಚನೆ ಇದ್ದವರು ಮೇಲೊಮ್ಮೆ ನೋಡಿ, ಎಷ್ಟು ಬಿಡಾರಗಳು ಖಾಲಿಯಾಗುತ್ತವೆ ಲೆಕ್ಕ ಹಾಕಿ.

ಬ್ಯಾಣ, ಅಂದರೆ ಹುಲ್ಲು ಬೆಳೆಯುವ ಬಯಲು ಇರುವವರಿಗೆ ನನ್ನ ಮಾತು ಕೆಲವರಿಗೆ ಕಹಿಯಾಗಬಹುದು. ಅಲ್ಲಿ ಗಿಡ ನೆಡಬೇಡಿ. ವನಮಹೋತ್ಸವದ ಉತ್ಸಾಹದಲ್ಲಿ ಹುಲ್ಲುಗುಡ್ಡಕ್ಕೆ ಅಕೇಶಿಯಾ ಹೊಡೆಯುವುದು ಪುಣ್ಯದ ಕೆಲಸ ಅಲ್ಲ. ಹ್ಯಾಬನೇರಿಯಾದ ಗೆಡ್ಡೆ ಬೇಸಿಗೆಯಿಡೀ ನೆಲದೊಳಗೆ ನಿದ್ದೆ ಮಾಡಿ ಜೂನ್‌ನಲ್ಲಿ ಏಳುತ್ತದೆ. ಏಳುವ ಹೊತ್ತಿಗೆ ಮೇಲೆ ನೆರಳು, ನೆಲದ ತುಂಬ ಅಕೇಶಿಯಾದ ಒಣ ಎಲೆ ಇದ್ದರೆ ಅದು ಬಾಳುವುದಿಲ್ಲ. ಮೇ ತಿಂಗಳಲ್ಲಿ ಬೋಳಾಗಿ ಕಾಣುವ ಜಾಗ ಖಾಲಿ ಜಾಗ ಅಲ್ಲ. ಕಲ್ಲು ಕ್ವಾರಿಗೋ, ಲೇಔಟಿಗೋ ಕೊಡುವ ಮುಂಚೆ ಒಂದು ಮಳೆಗಾಲ ನೋಡಿ.

ರಸ್ತೆ ಅಗಲೀಕರಣಕ್ಕೆ ಸಾಲುಮರ ಹೋಗುತ್ತಿದೆ ಅಂತ ಗೊತ್ತಾದರೆ ಮರ ಉರುಳುವ ಮುಂಚೆಯೇ ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ಕೊಡಿ: ಇಂಥಿಂಥ ಮರದಲ್ಲಿ ಆರ್ಕಿಡ್ ಇವೆ, ಇಳಿಸಿ ಬೇರೆ ಮರಕ್ಕೆ ಕಟ್ಟಲು ಅನುಮತಿ ಬೇಕು. ಫೋಟೊ ಲಗತ್ತಿಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಿಮ್ಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲಾತಿ ಪುಸ್ತಕವೂ ಇರಬೇಕು. ಹೋಗಿ ಕೇಳಿ. ನಿಮ್ಮೂರಿನ ಸೀತಾಳೆಗಳನ್ನು ಅದರಲ್ಲಿ ಬರೆಸಿ. ಕಾಗದದ ಮೇಲೆ ಹೆಸರಿದ್ದರೆ ನಾಳೆ ಆಕ್ಷೇಪಣೆ ಎತ್ತಲು ಒಂದು ಹಿಡಿ ಸಿಗುತ್ತದೆ.

9. ಕೊಂಡು ಬೆಳೆಸುವ ಆಸೆ ಇದ್ದರೆ

ತಪ್ಪೇನಿಲ್ಲ, ಕೊಳ್ಳಿ. ಆದರೆ ಪ್ರಯೋಗಾಲಯದಲ್ಲಿ ಬೆಳೆದದ್ದನ್ನು ಕೊಳ್ಳಿ. ರಸ್ತೆ ಬದಿ, ಸಂತೆ, ಆನ್‌ಲೈನ್ ಗುಂಪುಗಳಲ್ಲಿ ಮಾರುವ 'ಕಾಡು ಆರ್ಕಿಡ್' ಗುರುತಿಸುವುದು ಕಷ್ಟವಲ್ಲ. ಬೇರು ತುಂಡಾಗಿರುತ್ತದೆ, ಬೇರಿಗೆ ತೊಗಟೆಯ ಚೂರು ಅಂಟಿರುತ್ತದೆ. ಎಲೆಯ ಮೇಲೆ ಕಲ್ಲುಹೂವಿನ ಕಲೆ, ಹುಳು ತಿಂದ ತೂತು ಇರುತ್ತದೆ. ಗಿಡಗಳು ಒಂದೊಂದು ಒಂದೊಂದು ಅಳತೆ. ನರ್ಸರಿಯದ್ದಾದರೆ ಒಂದೇ ವಯಸ್ಸಿನ ಮರಿಗಳು, ನಯವಾದ ಎಲೆ, ಕುಂಡದೊಳಗೇ ಸುತ್ತಿಕೊಂಡ ಪೂರ್ತಿ ಬೇರು. 'ಅವರು ಹೇಗೂ ಕಿತ್ತಾಗಿದೆ, ನಾವಾದರೂ ಉಳಿಸೋಣ' ಅಂತ ಕೊಳ್ಳುವವರಿದ್ದಾರೆ. ಅವರು ಕೊಟ್ಟ ನೂರು ರೂಪಾಯಿಗೆ ಮುಂದಿನ ವಾರ ಇನ್ನೂ ಹತ್ತು ಗಿಡ ಇಳಿಯುತ್ತವೆ.

ಔಷಧಿಯ ಹೆಸರಲ್ಲಿ ಮಾರುವವರ ಬಗ್ಗೆಯೂ ಹುಷಾರು. ಜೀವಂತಿ ಅಂತ ಫ್ಲಿಕಿಂಜೇರಿಯಾ, ರಾಸ್ನಾ ಅಂತ ವಾಂಡಾದ ಬೇರು ಮೂಟೆಗಟ್ಟಲೆ ಕಾಡಿನಿಂದ ಇಳಿದದ್ದಿದೆ. ಎರಡೂ ಆರ್ಕಿಡ್‌ಗಳೇ.

ಯಾರಾದರೂ ಚೀಲಗಟ್ಟಲೆ ಇಳಿಸುತ್ತಿರುವುದು ಕಂಡರೆ ಜಗಳಕ್ಕೆ ಹೋಗಬೇಡಿ. ಜಾಗ, ಸಮಯ, ಗಾಡಿ ನಂಬರ್ ಬರೆದುಕೊಂಡು ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.